ಶಾಲೆಯ ಊಟ, ಊರಿನ ಗದ್ದೆ

(ಮಂಗಳೂರಿನಲ್ಲಿ ನಡೆದ ಮಲೆನಾಡು ಹಾಗೂ ಕರಾವಳಿಯ ಗೆಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆ ಚಾರ್ಮಾಡಿ ಘಾಟಿಯನ್ನು ಇಳಿದು ನಾನು ಈ ಊರಿಗೆ ಬಂದೆ. ಬಂಟ್ವಾಳದಿಂದ ಈಚೆಗೆ ನೇತ್ರಾವತಿ ರಸ್ತೆಯ ಜೊತೆಜೊತೆಗೇ ಬರುತ್ತಾಳೆ. ಕುದುರೆಮುಖದ ಮಡಿಲಲ್ಲಿ ಹುಟ್ಟಿದ ಆ ನೀರು ತುಂಬೆಯ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ಈ ನಗರದ ನಲ್ಲಿಗಳಿಗೆ ಹರಿಯುತ್ತದೆ. ಮಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಮಧ್ಯಾಹ್ನ ಮಗುವಿನ ತಟ್ಟೆಗೆ ಬೀಳುವ ಅನ್ನ ಬೇಯುವುದು ಆ ನೀರಿನಲ್ಲಿಯೇ. 2016ರ ಮತ್ತು 2019ರ ಬೇಸಿಗೆಗಳಲ್ಲಿ ತುಂಬೆಯ ನೀರು ತಳ ಕಂಡು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದುದನ್ನು ನೀವು ಮರೆತಿರಲಾರಿರಿ.

ಪರಿಸರದ ಮಾತನಾಡಲು ಸೇರಿದ ಸಭೆಯಲ್ಲಿ ಶಾಲೆಯ ಊಟದ ವಿಷಯವೇಕೆ ಎಂದು ಕೆಲವರು ನನ್ನನ್ನು ಕೇಳಿದರು. ಕಾಡು, ನದಿ, ಗಣಿ, ಅಣೆಕಟ್ಟು ಇವೇ ನಮ್ಮ ವಿಷಯಗಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಒಂದು ನಾಡಿನ ಮಣ್ಣು ಹೇಗಿದೆ, ನೀರು ಹೇಗಿದೆ ಎಂಬುದು ಕೊನೆಗೆ ತಿಳಿಯುವುದು ಊಟದ ತಟ್ಟೆಯಲ್ಲಿ. ಸರ್ಕಾರಿ ಶಾಲೆಯ ತಟ್ಟೆಯಾದರೋ, ಸಮಾಜವು ಎಲ್ಲರ ಹೆಸರಿನಲ್ಲಿ ಬಡಿಸುವ ತಟ್ಟೆ. ಅದರಲ್ಲಿ ಏನಿದೆ, ಅದು ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಬಂತು ಎಂಬುದನ್ನು ನಾವು ಕೇಳಬೇಕು.

ಹಳ್ಳದ ಬಂಡೆಯ ಮೇಲಿನ ಹುಡುಗ

ನಾನು ಘಟ್ಟದ ಮೇಲಿನ ಸರ್ಕಾರಿ ಶಾಲೆಯಲ್ಲಿ ಓದಿದವರ ಪೈಕಿ. 1980ರ ದಶಕದ ಮಾತು. ನಮ್ಮ ಹಿರಿಯರು ತಮ್ಮ ಕಾಲದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಗೋಧಿ ರವೆಯ ಉಪ್ಪಿಟ್ಟು ಶಾಲೆಯಲ್ಲಿ ಸಿಗುತ್ತಿದ್ದುದನ್ನು ಹೇಳುತ್ತಿದ್ದರು. ನಮ್ಮ ಶಾಲೆಗೆ ನಾನು ಸೇರುವ ಹೊತ್ತಿಗೆ ಅದೂ ಇರಲಿಲ್ಲ. ಮೂರು ನಾಲ್ಕು ಕಿಲೋಮೀಟರು ಕಾಡುದಾರಿ ನಡೆದು ಬರುವ ಮಕ್ಕಳು ಬುತ್ತಿ ಕಟ್ಟಿಕೊಂಡು ಬರಬೇಕು. ಬುತ್ತಿ ಇಲ್ಲದವರು ಹಾಗೆಯೇ ಇರಬೇಕು.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಹಳ್ಳದ ಕಡೆಗೆ ಓಡುತ್ತಿದ್ದ. ಆಟವಾಡಲು ಹೋಗುತ್ತಾನೆಂದೇ ನಾವೆಲ್ಲ ತಿಳಿದಿದ್ದೆವು. ಒಂದು ದಿನ ಅವನ ಹಿಂದೆಯೇ ಹೋಗಿ ನೋಡಿದರೆ, ಬೊಗಸೆ ತುಂಬ ನೀರು ಕುಡಿದು ಬಂಡೆಯ ಮೇಲೆ ಬೋರಲಾಗಿ ಮಲಗಿದ್ದ. ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡರೆ ಹಸಿವು ಕಡಿಮೆಯಾಗುತ್ತದೆಂದು ಹೇಳಿದ. ಬಾಯಿಲೆಕ್ಕದಲ್ಲಿ ಅವನು ನನಗಿಂತ ಮುಂದಿದ್ದವನು. ಐದನೆಯ ತರಗತಿಯನ್ನು ದಾಟಲಿಲ್ಲ. ನಾನು ಕೃಷಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಡಾಕ್ಟರೇಟ್ ಪಡೆದೆ. ಅವನು ಅಡಿಕೆ ಮರ ಹತ್ತುವ ಕೊನೆಗಾರನಾದ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಅವನು ಆರಿಸಿಕೊಂಡದ್ದಲ್ಲ, ಮಧ್ಯಾಹ್ನದ ಹಸಿವು ಅವನಿಗಾಗಿ ಆರಿಸಿತು.

ದಾನದಿಂದ ಹಕ್ಕಿಗೆ

ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲವೆಂಬುದು ಈ ಊರಿಗೆ ಹೊಸ ವಿಚಾರವಲ್ಲ. ಇಲ್ಲಿಯ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಮುಟ್ಟಬಾರದವರೆಂದು ಸಮಾಜವು ದೂರವಿಟ್ಟಿದ್ದ ಜನರ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ಇದೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದವರು ಅವರು. ಮಕ್ಕಳನ್ನು ಶಾಲೆಗೆ ಕರೆತರಲು ಮಧ್ಯಾಹ್ನದ ಊಟವನ್ನೂ, ಕೂಲಿ ತಪ್ಪಿದ ಮನೆಗೆ ಒಂದಿಷ್ಟು ಕಾಸನ್ನೂ ಕೊಡುತ್ತಿದ್ದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಸ್ವಜಾತಿಯವರು ಬಹಿಷ್ಕರಿಸಿದರೂ ಅವರು ಹಿಂದೆ ಸರಿಯಲಿಲ್ಲ.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಭಾಗವಾಗಿತ್ತು. 1920ರ ದಶಕದಲ್ಲಿ ಮದರಾಸು ನಗರಸಭೆ ತನ್ನ ಶಾಲೆಗಳಲ್ಲಿ ಊಟ ಕೊಡತೊಡಗಿತು. 1950ರ ದಶಕದಲ್ಲಿ ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ ಅದು ರಾಜ್ಯದ ಯೋಜನೆಯಾಗಿ ಬೆಳೆಯಿತು. ಆದರೆ ಅದು ಬೇರು ಬಿಡುವ ಹೊತ್ತಿಗೆ ನಾವು ಗಡಿಯ ಈಚೆಗೆ ಬಂದಿದ್ದೆವು. 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ತಮಿಳುನಾಡಿನಲ್ಲಿ ಆ ಯೋಜನೆಯನ್ನು ಇನ್ನಷ್ಟು ವಿಸ್ತರಿಸಿದರು. ಹಳ್ಳದ ಬಂಡೆಯ ಮೇಲೆ ನನ್ನ ಸಹಪಾಠಿ ಮಲಗಿದ್ದುದು ಅದೇ ದಶಕದಲ್ಲಿ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಪೌಷ್ಟಿಕ ಆಹಾರದ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಮಗುವಿಗೆ ಸಿಕ್ಕಿದ್ದು ಬೇಯಿಸಿದ ಊಟವಲ್ಲ, ಹಾಜರಾತಿ ನೋಡಿ ಕೊಡುವ ತಿಂಗಳಿಗೆ 3 ಕಿಲೋ ಧಾನ್ಯ. ಆ ಧಾನ್ಯ ಮನೆಯ ಮಡಕೆಗೆ ಸೇರುತ್ತಿತ್ತು, ಮಧ್ಯಾಹ್ನದ ಹಸಿವು ಶಾಲೆಯಲ್ಲಿಯೇ ಉಳಿಯುತ್ತಿತ್ತು. ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಜನ ಹಸಿದಿರುವುದನ್ನು ಪ್ರಶ್ನಿಸಿ, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ನಮ್ಮ ಜಿಲ್ಲೆಗಳಿಗೂ ಬಂತು. ಮೊದಲು ಐದನೆಯ ತರಗತಿಯವರೆಗಿದ್ದುದು 2004ರಲ್ಲಿ ಏಳಕ್ಕೆ, 2007ರಲ್ಲಿ ಹತ್ತಕ್ಕೆ ಮುಟ್ಟಿತು. 2013ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಎಂಟನೆಯ ತರಗತಿಯವರೆಗಿನ ಊಟವನ್ನು ಕಾನೂನಿನ ಹಕ್ಕಾಗಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ ಕೆಲವು ಜಿಲ್ಲೆಗಳಲ್ಲಿ 2021ರಲ್ಲಿ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವೂ ಸೇರಿ ವಾರಕ್ಕೆ ಆರು ದಿನದ ಮೊಟ್ಟೆಯ ವ್ಯವಸ್ಥೆಯಾಯಿತು.

ಈ ಇತಿಹಾಸವನ್ನು ಹೇಳಿದುದಕ್ಕೆ ಕಾರಣವಿದೆ. ಇಂದಿನ ವಿದ್ಯಾರ್ಥಿಗಳಿಗೆ ಈ ಊಟ ಮೊದಲಿನಿಂದಲೂ ಇದ್ದದ್ದೆಂದು ತೋರಬಹುದು. ಹಾಗಲ್ಲ. ಇದನ್ನು ಕೇಳಿ ಪಡೆಯಲಾಯಿತು. ಕೇಳಿ ಪಡೆದುದನ್ನು ಕಾಯದಿದ್ದರೆ ಅದು ಕೈತಪ್ಪುತ್ತದೆ. ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಬಿಸಿಯೂಟ ನಿಂತಿತು. ಬೇಯಿಸಿದ ಅನ್ನ ಮತ್ತೆ ಮಕ್ಕಳ ತಟ್ಟೆಗೆ ಬರಲು 2021ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಎಲ್ಲರಿಗೂ ಏಕೆ?

ಬಡವರ ಮಕ್ಕಳಿಗೆ ಮಾತ್ರ ಕೊಟ್ಟರೆ ಸಾಲದೇ, ಉಳ್ಳವರ ಮಕ್ಕಳಿಗೂ ಏಕೆ ಎಂದು ಕೇಳುವವರಿದ್ದಾರೆ. ಕೃಷಿಕರಿಗೆ ಇದರ ಉತ್ತರ ಸುಲಭವಾಗಿ ತಿಳಿಯುತ್ತದೆ. ಗದ್ದೆಗೆ ನೀರು ಕಟ್ಟುವಾಗ ಯಾವ ಸಸಿ ಬಾಡಿದೆ, ಯಾವುದು ಬಾಡಿಲ್ಲವೆಂದು ಬುಡಬುಡಕ್ಕೆ ನೋಡಿ ಹನಿಸುತ್ತೇವೆಯೇ? ಕಂಡಿ ತೆರೆದರೆ ನೀರು ಗದ್ದೆಗೆಲ್ಲ ಹರಡುತ್ತದೆ. ಬಾಡಿದ್ದು ಚೇತರಿಸಿಕೊಳ್ಳುತ್ತದೆ, ಚೆನ್ನಾಗಿದ್ದುದು ಬಾಡದೆ ಉಳಿಯುತ್ತದೆ.

ಪಟ್ಟಿ ಮಾಡಿ ಕೊಡುವ ಯಾವ ಸೌಲಭ್ಯದಲ್ಲಾದರೂ ಎರಡು ತಪ್ಪುಗಳಾಗುತ್ತವೆ. ಬೇಕಾದವರ ಹೆಸರು ಬಿಟ್ಟುಹೋಗುತ್ತದೆ, ಸಿಕ್ಕಿದವರ ಮೇಲೆ ಬಡವನೆಂಬ ಮುದ್ರೆ ಬೀಳುತ್ತದೆ. ಏಳು ವರ್ಷದ ಮಗು ಆ ಮುದ್ರೆಯನ್ನು ಹೊತ್ತು ಸಾಲಿನಲ್ಲಿ ನಿಲ್ಲುವುದಕ್ಕಿಂತ ಹಸಿದಿರುವುದನ್ನೇ ಮೇಲೆಂದುಕೊಳ್ಳುತ್ತದೆ. ತುಳುನಾಡಿನ ದೇವಸ್ಥಾನಗಳಲ್ಲಿ ನಿತ್ಯವೂ ಸಾವಿರಾರು ಜನರಿಗೆ ಅನ್ನಸಂತರ್ಪಣೆ ನಡೆಯುತ್ತದೆ. ಎಲೆಯ ಮುಂದೆ ಕುಳಿತವನ ಆದಾಯವೆಷ್ಟೆಂದು ಬಡಿಸುವವರು ಕೇಳುವುದಿಲ್ಲ. ಆ ಔದಾರ್ಯವೇ ಶಾಲೆಯಲ್ಲಿ ಹಕ್ಕಿನ ರೂಪ ತಾಳಿದೆ. ಫಿನ್ಲೆಂಡ್ ಎಂಬ ಚಳಿನಾಡು ಯುದ್ಧದ ನಡುವೆ, 1943ರಲ್ಲಿ ಕಾನೂನು ಮಾಡಿ, 1948ರಿಂದ ತನ್ನ ಶಾಲೆಯ ಎಲ್ಲ ಮಕ್ಕಳಿಗೂ ಉಚಿತ ಊಟವನ್ನು ಕೊಡತೊಡಗಿತು. ಆಗ ಅದು ಶ್ರೀಮಂತ ದೇಶವಾಗಿರಲಿಲ್ಲ.

ಇನ್ನೊಂದು ಕಾರಣವಿದೆ. ಒಂದೇ ಒಲೆಯ ಅನ್ನವನ್ನು ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ನಮ್ಮ ನಾಡಿನಲ್ಲಿ ಸಣ್ಣ ಮಾತಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಆದರೂ 2025ರಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದಲ್ಲಿ, ಅಡುಗೆಯವರು ದಲಿತರೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿಯನ್ನು ನಾವು ಓದಬೇಕಾಯಿತು. ರಂಗರಾಯರು ಶಾಲೆ ತೆರೆದು ನೂರು ವರ್ಷಕ್ಕೂ ಮೇಲಾಯಿತು. ಕೆಲಸ ಮುಗಿದಿಲ್ಲ.

"ಎಲ್ಲರಿಗೂ" ಎಂಬ ಮಾತು ಇನ್ನೂ ಪೂರ್ತಿ ನಿಜವಾಗಿಯೂ ಇಲ್ಲ. ನನ್ನ ಆ ಸಹಪಾಠಿಯ ಮಗಳು ಶಾಲೆಯಲ್ಲಿ ಊಟ ಮಾಡಿಕೊಂಡೇ ಹತ್ತನೆಯ ತರಗತಿಯನ್ನು ಮುಗಿಸಿದಳು. ತಂದೆ ದಾಟಲಾರದ ಗಡಿಯನ್ನು ದಾಟಿದಳು. ಈಗ ಪಿಯುಸಿಗೆಂದು ಬೆಳಿಗ್ಗೆ ಆರೂವರೆಗೆ ಬಸ್ಸಿಗೆ ನಿಲ್ಲುತ್ತಾಳೆ, ಮನೆ ಸೇರುವಾಗ ಕತ್ತಲಾಗಿರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯೊಂದಿಗೆ ಅವಳ ಊಟದ ಹಕ್ಕೂ ಮುಗಿದಿದೆ. ಬೆಳೆಯುವ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶ ಅತ್ಯಂತ ಅಗತ್ಯವಾಗಿರುವ ವಯಸ್ಸು ಇದು. ಈ ಜಿಲ್ಲೆಯ ಕೆಲವು ಕಾಲೇಜುಗಳು ದಾನಿಗಳ ನೆರವಿನಿಂದ ಮಧ್ಯಾಹ್ನದ ಊಟ ನೀಡುತ್ತಿರುವುದು ಮೆಚ್ಚತಕ್ಕದ್ದೇ. ಆದರೆ ದಾನಿಯ ಮನಸ್ಸು ಬದಲಾದರೆ ನಿಲ್ಲುವಂಥದ್ದನ್ನು ಹಕ್ಕೆನ್ನಲಾಗದು.

ತಟ್ಟೆಯ ಲೆಕ್ಕ

ಈಗ ನನ್ನ ಶಾಸ್ತ್ರದ ಮಾತಿಗೆ ಬರುತ್ತೇನೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬಹುದು.

ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ ನಿಗದಿಯಾಗಿರುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ ಶಕ್ತಿಯೂ 12 ಗ್ರಾಂ ಪ್ರೊಟೀನೂ ಸಿಗಬೇಕು. ಆರರಿಂದ ಎಂಟನೆಯ ತರಗತಿಯವರಿಗೆ ಧಾನ್ಯ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. 100 ಗ್ರಾಂ ಅಕ್ಕಿ ಸುಮಾರು 350 ಕ್ಯಾಲೊರಿ ಶಕ್ತಿಯನ್ನೂ ಏಳೆಂಟು ಗ್ರಾಂ ಪ್ರೊಟೀನನ್ನೂ ಕೊಡುತ್ತದೆ. 20 ಗ್ರಾಂ ತೊಗರಿಬೇಳೆಯಿಂದ ಇನ್ನೊಂದು ನಾಲ್ಕು ಗ್ರಾಂ ಪ್ರೊಟೀನು. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿ ಹೇರಳವಾಗಿರುವುದರಿಂದ ಇವೆರಡೂ ಸೇರಿದಾಗಲೇ ದೇಹ ಅವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅನ್ನ ಸಾರು ಉಣ್ಣುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಲೈಸಿನ್ ಗೊತ್ತಿರಲಿಲ್ಲ, ಊಟ ಗೊತ್ತಿತ್ತು. ಒಂದು ಮೊಟ್ಟೆ ಆರು ಗ್ರಾಂ ಪ್ರೊಟೀನು ಕೊಡುತ್ತದೆ. ಬಾಳೆಹಣ್ಣಿನಲ್ಲಿ ಅದು ಒಂದು ಗ್ರಾಮಿನ ಆಸುಪಾಸು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಟ್ಟರೆ ಸಮನಾಯಿತೆಂದು ತಿಳಿಯಬಾರದು. ಶೇಂಗಾ ಚಿಕ್ಕಿ ಅದಕ್ಕಿಂತ ಮೇಲು.

ಹೀಗೆ ಶಕ್ತಿಯ ಮತ್ತು ಪ್ರೊಟೀನಿನ ಲೆಕ್ಕ ಅಕ್ಕಿ, ಬೇಳೆಗಳಲ್ಲಿಯೇ ಬಹುತೇಕ ಕೂಡಿಬರುತ್ತದೆ. ಉಳಿದದ್ದೆಲ್ಲ, ಅಂದರೆ ಕಬ್ಬಿಣ, ಎ ಮತ್ತು ಸಿ ಜೀವಸತ್ವಗಳು, ಸುಣ್ಣ, ನಾರು, ಹೆಚ್ಚಾಗಿ ಆ 50 ಗ್ರಾಂ ತರಕಾರಿಯ ಮೇಲೆಯೇ ನಿಂತಿವೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು, ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೇ ಮಕ್ಕಳು ಮುಂದೆ ನಮ್ಮ ಶಾಲೆಗಳ ಒಂದನೆಯ ತರಗತಿಗೆ ಬರುವವರು. ಆದ್ದರಿಂದ ಅಕ್ಷರ ದಾಸೋಹದ ಅತ್ಯಂತ ಮುಖ್ಯವಾದ ಪ್ರಶ್ನೆ ಅಕ್ಕಿಯದಲ್ಲ, ತರಕಾರಿಯದು ಎಂದು ನಾನು ತಿಳಿದಿದ್ದೇನೆ. ಅಕ್ಕಿ ಸರ್ಕಾರದ ಗೋದಾಮಿನಿಂದ ಬರುತ್ತದೆ. ತರಕಾರಿ ಎಲ್ಲಿಂದ ಬರಬೇಕು?

ಹನ್ನೊಂದು ಮಕ್ಕಳ ಶಾಲೆ

ಈ ನಗರದ ಅನೇಕ ಶಾಲೆಗಳಿಗೆ ಅಕ್ಷಯಪಾತ್ರ ಪ್ರತಿಷ್ಠಾನದ ದೊಡ್ಡ ಅಡುಗೆಮನೆಯಿಂದ ವಾಹನಗಳಲ್ಲಿ ಊಟ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಅವರ ಕ್ರಮದ ಕುರಿತು 2018–19ರಲ್ಲಿ ರಾಜ್ಯದಲ್ಲೆಲ್ಲ ಚರ್ಚೆ ನಡೆದದ್ದು ನಿಮಗೆ ತಿಳಿದಿದೆ. ಇಂದು ಆ ಚರ್ಚೆಗೆ ನಾನು ಹೋಗುವುದಿಲ್ಲ. ನಾನು ಹೇಳಬೇಕೆಂದಿರುವುದು ಲೆಕ್ಕದ ವಿಷಯ.

ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು ಎಲ್ಲವೂ ಸೇರಿ ಪ್ರಾಥಮಿಕ ಶಾಲೆಯ ಮಗುವೊಂದಕ್ಕೆ ದಿನಕ್ಕೆ 6 ರೂಪಾಯಿ 78 ಪೈಸೆ ಎಂದು 2025ರ ಮೇ ತಿಂಗಳಿನಿಂದ ಕೇಂದ್ರವು ದರ ನಿಗದಿ ಮಾಡಿತು. ಮೇಲಿನ ತರಗತಿಗಳಿಗೆ 10 ರೂಪಾಯಿ 17 ಪೈಸೆ. ಹತ್ತು ಸಾವಿರ ಮಕ್ಕಳಿಗೆ ಒಂದೇ ಕಡೆ ಅಡುಗೆ ಮಾಡುವಲ್ಲಿ ಈ ದರದಿಂದ ದಿನಕ್ಕೆ 67,800 ರೂಪಾಯಿ ಕೂಡುತ್ತದೆ. ಅಷ್ಟು ಹಣದಿಂದ ಸಗಟು ಮಾರುಕಟ್ಟೆಯಲ್ಲಿ ಲಾರಿಗಟ್ಟಲೆ ಕೊಳ್ಳಬಹುದು. ಈಗ ಘಟ್ಟದ ಶಾಲೆಗೆ ಬನ್ನಿ. ಹನ್ನೊಂದು ಮಕ್ಕಳು. ಅದೇ ದರದಲ್ಲಿ ದಿನಕ್ಕೆ 74 ರೂಪಾಯಿ 58 ಪೈಸೆ. ಹತ್ತಿರದ ಅಂಗಡಿಗೆ ಐದಾರು ಕಿಲೋಮೀಟರು. ಮೇಷ್ಟ್ರು ಸಂತೆಯ ದಿನ ಬೈಕಿನಲ್ಲಿ ಕಟ್ಟಿಕೊಂಡು ತಂದ ಬೀನ್ಸು, ಕ್ಯಾರೆಟ್ಟು ಮೂರು ದಿನಕ್ಕೆ ಬಾಡುತ್ತವೆ. ಮತ್ತೆ ಆಲೂಗೆಡ್ಡೆ, ಮತ್ತೆ ನೀರಾದ ಸಾರು. ತಲೆಲೆಕ್ಕದ ಹಣ ನೋಡುವುದಕ್ಕೆ ಸಮಾನ. ಆದರೆ ಬೆಟ್ಟದ ಮಗುವಿಗೂ ಪಟ್ಟಣದ ಮಗುವಿಗೂ ಅದರಿಂದ ಒಂದೇ ಊಟ ಸಿಗುವುದಿಲ್ಲ.

ಇಂಥದೊಂದು ಶಾಲೆಗೆ ಕಳೆದ ಮಳೆಗಾಲದಲ್ಲಿ ನಾನು ಹೋಗಿದ್ದೆ. ಅಂದು ತಟ್ಟೆಯಲ್ಲಿ ಬಸಳೆಯ ಹುಳಿಯಿತ್ತು, ಸೊಗಸಾಗಿತ್ತು. ಬಸಳೆಗೆ ಎಷ್ಟು ಕೊಟ್ಟಿರಿ ಎಂದು ಮೇಷ್ಟ್ರನ್ನು ಕೇಳಿದೆ. ಅವರು ನಗುತ್ತಾ ಅಡುಗೆಯಾಕೆಯ ಕಡೆ ತೋರಿಸಿದರು. "ನಮ್ಮ ಮನೆಯ ಚಪ್ಪರದ್ದು ಅಲ್ಲವಾ, ಅದಕ್ಕೆಂಥ ದುಡ್ಡು" ಎಂದರು ಆ ತಾಯಿ. ವಾರಕ್ಕೆ ಎರಡು ಮೂರು ದಿನ ಹೀಗೆಯೇ ನಡೆಯುತ್ತದಂತೆ. ಕೆಸು, ಬಾಳೆಹೂವು, ನುಗ್ಗೆಸೊಪ್ಪು, ತೊಂಡೆಕಾಯಿ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆಯುವ ಜಾಗವೇ ಇಲ್ಲ.

ಬಂಧುಗಳೇ, ಆ ತಾಯಿಗೆ ಕೈಮುಗಿಯೋಣ. ಆದರೆ ಕೈಮುಗಿದು ಸುಮ್ಮನಾಗುವುದು ಬೇಡ. ಅಡುಗೆಯವರ ಗೌರವಧನಕ್ಕೆ ಕೇಂದ್ರದ ಲೆಕ್ಕ 2009ರಲ್ಲಿ ನಿಗದಿಯಾದದ್ದು, ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ರಾಜ್ಯವು ತನ್ನ ಪಾಲು ಸೇರಿಸಿದೆ, 2025–26ರ ಬಜೆಟ್ಟಿನಲ್ಲಿ ಮತ್ತೂ 1,000 ರೂಪಾಯಿ ಏರಿಸಿತು. ಆದರೂ ತೋಟದ ಕೂಲಿಗೆ ಹೋಗುವ ಹೆಂಗಸಿಗೆ ಸಿಗುವಷ್ಟು ಆಕೆಗೆ ಸಿಗುವುದಿಲ್ಲ. ಅಷ್ಟು ಕಡಿಮೆ ಪಡೆಯುವವಳು ತನ್ನ ಹಿತ್ತಿಲಿನಿಂದ ಸರ್ಕಾರದ ಯೋಜನೆಗೆ ದಾನ ಮಾಡುತ್ತಿದ್ದಾಳೆ. ಹಕ್ಕೊಂದು ಬಡವಳ ಬಸಳೆ ಚಪ್ಪರಕ್ಕೆ ಒರಗಿ ನಿಂತಿರುವುದು ನ್ಯಾಯವಲ್ಲ.

ಮಳೆಗಾಲದ ತರಕಾರಿ

ನಮ್ಮಲ್ಲಿ ಶಾಲೆ ಬಾಗಿಲು ತೆರೆಯುವುದೂ ಮುಂಗಾರು ಹಿಡಿಯುವುದೂ ಒಂದೇ ಹೊತ್ತಿಗೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೆಲ ಕೊಚ್ಚಿಹೋಗುವ ಮಳೆಯಲ್ಲಿ ತರಕಾರಿ ಬೆಳೆಯುವುದು ಕಷ್ಟ. ಮಕ್ಕಳಿಗೆ ಜ್ವರ ನೆಗಡಿ ಹೆಚ್ಚಾಗುವುದೂ ಆಗಲೇ. ಈ ತೊಡಕನ್ನು ನಮ್ಮ ಹಿರಿಯರು ತಿಳಿದಿದ್ದರು. ಸುಗ್ಗಿಯ ಕೊಯ್ಲಾದ ಗದ್ದೆಯಲ್ಲಿ ಬೇಸಿಗೆಯಲ್ಲಿ ಸೌತೆ, ಕುಂಬಳ, ಅಲಸಂಡೆ ಹಾಕುತ್ತಿದ್ದರು. ಬಲಿತ ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಹೆಣೆದು ಅಟ್ಟದ ಕೆಳಗೆ ತೂಗುಹಾಕುತ್ತಿದ್ದರು. ಆಟಿ ಕಳೆಯುವವರೆಗೆ ಕೆಡುತ್ತಿರಲಿಲ್ಲ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು, ಬೀಜವನ್ನು ಮಣ್ಣು ಮೆತ್ತಿ ಕಾಪಿಡುತ್ತಿದ್ದರು. ಮಳೆಯಲ್ಲಿ ತಾನಾಗಿ ಚಿಗುರುವ ತಗಟೆಸೊಪ್ಪು, ಕೆಸು, ಒಂದೆಲಗ ಇದ್ದೇ ಇದ್ದವು. ಇವುಗಳಲ್ಲಿ ಹೆಚ್ಚಿನವಕ್ಕೆ ಗೊಬ್ಬರ ಬೇಡ, ಔಷಧಿ ಬೇಡ, ಘಟ್ಟ ಹತ್ತಿಸುವ ಲಾರಿಯೂ ಬೇಡ.

ಔಷಧಿಯೆಂದು ನಾವು ಕರೆಯುವ ವಿಷದ ಮಾತು ಬಂದುದರಿಂದ ಒಂದನ್ನು ಹೇಳಲೇಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ಶಾಲೆಯ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ತರಕಾರಿಗೆ ಬಳಸಬಾರದೆಂದು ಸರ್ಕಾರವು ಅದಕ್ಕೆ ಮೊದಲೇ ನಿಷೇಧಿಸಿದ್ದ ಕೀಟನಾಶಕವದು. ಇದು ದೂರದ ಕಥೆಯೆಂದುಕೊಳ್ಳುವ ಅಧಿಕಾರ ನಮಗಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಈ ಸಭೆಯಲ್ಲಿರುವವರಿಗೆ ವಿವರಿಸಬೇಕಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿಗೆ ಆ ನಿಷೇಧದಿಂದ ಏನೂ ಮರಳಿ ಬರಲಿಲ್ಲ. ಮಕ್ಕಳ ತಟ್ಟೆಗೆ ಬರುವ ತರಕಾರಿ ಯಾವ ಹೊಲದ್ದು, ಅದಕ್ಕೆ ಏನು ಸಿಂಪಡಿಸಿದ್ದು ಎಂದು ಕೇಳುವುದು ಮಡಿವಂತಿಕೆಯಲ್ಲ. ಹತ್ತಿರದಲ್ಲಿ ಬೆಳೆದುದಾದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಒಂದೆಕರೆ ಬೈಲು

ಇನ್ನೊಂದು ಸಣ್ಣ ಲೆಕ್ಕ. ಅರವತ್ತು ಮಕ್ಕಳ ಪ್ರಾಥಮಿಕ ಶಾಲೆ, ವರ್ಷಕ್ಕೆ 220 ಊಟದ ದಿನ ಎಂದಿಟ್ಟುಕೊಳ್ಳಿ. ಮಗುವಿಗೆ 50 ಗ್ರಾಮಿನಂತೆ ವರ್ಷಕ್ಕೆ ಬೇಕಾದ ತರಕಾರಿ 660 ಕಿಲೋ. ನೀರಿನ ಅನುಕೂಲವಿರುವ ಹದಿನೈದು ಸೆಂಟ್ಸ್ ಜಾಗದಲ್ಲಿ ಇಷ್ಟನ್ನು ಬೆಳೆಯಬಹುದು. 100 ಗ್ರಾಮಿನಂತೆ ಬೇಕಾದ ಅಕ್ಕಿ 1,320 ಕಿಲೋ. ಅದಕ್ಕೆ ಸುಮಾರು 20 ಕ್ವಿಂಟಾಲ್ ಭತ್ತ ಬೇಕು. ಚೆನ್ನಾಗಿ ನೋಡಿಕೊಂಡ ಬೈಲುಗದ್ದೆಯಾದರೆ ಒಂದು, ಒಂದೂಕಾಲು ಎಕರೆಯ ಒಂದು ಬೆಳೆ. ಅಂದರೆ ಒಂದು ಶಾಲೆಯ ಇಡೀ ವರ್ಷದ ಅನ್ನಕ್ಕೆ ಊರಿನ ಒಂದೆಕರೆ ಚಿಲ್ಲರೆ ಗದ್ದೆ ಸಾಕು!

ಆದರೆ ಆ ಗದ್ದೆ ಎಲ್ಲಿದೆ? ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಡುತ್ತಿದ್ದ ಬೈಲುಗಳಲ್ಲಿ ಈಗ ಅಡಿಕೆ ನಿಂತಿದೆ. ಮಜಲು ಹಡಿಲು ಬಿದ್ದಿದೆ. ಬೆಟ್ಟುಗದ್ದೆಗಳಲ್ಲಿ ರಬ್ಬರು. ಇದಕ್ಕೆ ಕೃಷಿಕನನ್ನು ದೂರಲಾರೆ. ನನ್ನ ಮನೆಯ ಗದ್ದೆಯೂ ತೋಟವಾಗಿದೆ. ಭತ್ತಕ್ಕೆ ಬೆಲೆಯಿಲ್ಲ, ಕೆಲಸಕ್ಕೆ ಜನರಿಲ್ಲ, ಹಂದಿ ನವಿಲುಗಳ ಕಾಟಕ್ಕೆ ಕೊನೆಯಿಲ್ಲ. ಆದರೆ ಗದ್ದೆ ಹೋದಾಗ ಅಕ್ಕಿಯೊಂದೇ ಹೋಗುವುದಿಲ್ಲ. ಮಳೆಗಾಲದಲ್ಲಿ ನಾಲ್ಕು ತಿಂಗಳು ನೀರನ್ನು ನಿಲ್ಲಿಸಿಕೊಂಡು ನಿಧಾನವಾಗಿ ಭೂಮಿಗೆ ಇಳಿಸುತ್ತಿದ್ದ ಗದ್ದೆ ಇಲ್ಲವಾದರೆ ಬಾವಿ ಬತ್ತುತ್ತದೆ, ಹೊಳೆ ಫೆಬ್ರವರಿಯಲ್ಲಿಯೇ ಸೊರಗುತ್ತದೆ. ತುಂಬೆಯ ನೀರಿಗೂ ಹಡಿಲು ಬಿದ್ದ ಗದ್ದೆಗೂ ಸಂಬಂಧವಿದೆ.

ಕರಾವಳಿಯ ಜನ ಉಣ್ಣುವುದು ಕೆಂಪು ಕುಚ್ಚಲಕ್ಕಿ. ಭತ್ತವನ್ನು ನೆನೆಸಿ ಬೇಯಿಸುವಾಗ ತವುಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ಗಿರಣಿಯಲ್ಲಿ ಮೆರುಗು ಕೊಟ್ಟರೂ ಬೆಳ್ತಿಗೆಯಲ್ಲಿ ಆಗುವಷ್ಟು ನಷ್ಟ ಅದರಲ್ಲಿ ಆಗುವುದಿಲ್ಲ. ಪಡಿತರದಲ್ಲಿ ದೂರದ ರಾಜ್ಯಗಳ ಬಿಳಿಯಕ್ಕಿಯ ಬದಲು ಇಲ್ಲಿಯ ಕುಚ್ಚಲಕ್ಕಿಯನ್ನೇ ಕೊಡಬೇಕೆಂಬ ಬೇಡಿಕೆ ಈ ಎರಡು ಜಿಲ್ಲೆಗಳಲ್ಲಿ ಹಳೆಯದು. ಎಂಒ-4ರಂತಹ ಕೆಂಪಕ್ಕಿಯ ತಳಿಗಳನ್ನು ನಮ್ಮ ರೈತರು ಒಪ್ಪಿ ಬೆಳೆಯುತ್ತ ಬಂದಿದ್ದಾರೆ. ಕೊಳ್ಳುವವರು ನಿಶ್ಚಿತವಾಗಿದ್ದರೆ, ಬೆಲೆ ಬಿತ್ತನೆಗೆ ಮೊದಲೇ ಗೊತ್ತಿದ್ದರೆ ಹಡಿಲು ಗದ್ದೆಗೆ ನೇಗಿಲು ಮರಳಬಹುದು. ವರ್ಷಕ್ಕೆ 220 ದಿನ ತಪ್ಪದೆ ಊಟ ಮಾಡುವ ಶಾಲೆಗಿಂತ ನಿಶ್ಚಿತವಾದ ಗಿರಾಕಿ ರೈತನಿಗೆ ಬೇರೆ ಯಾರು ಸಿಗುತ್ತಾರೆ?

ಇದು ಬರಿಯ ಕನಸಲ್ಲ. ಬ್ರೆಜಿಲ್ ದೇಶವು 2009ರಲ್ಲಿ ಮಾಡಿದ ಕಾನೂನಿನಲ್ಲಿ, ಶಾಲೆಯ ಊಟಕ್ಕಾಗಿ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಸಣ್ಣ ಕೃಷಿಕ ಕುಟುಂಬಗಳಿಂದಲೇ ಕೊಳ್ಳಲು ಬಳಸಬೇಕೆಂದು ವಿಧಿಸಿತು. ನಮ್ಮಲ್ಲಿಯೂ ಅಕ್ಷರ ಕೈತೋಟ ಮಾಡಿದ ಶಾಲೆಗಳಿವೆ. ಜಾಗವಿರುವ ಕಡೆ ಅಡಿಕೆ ಹಾಕಿ ಶಾಲೆಯ ಖರ್ಚಿಗೆ ಆದಾಯ ಮಾಡಿಕೊಂಡ ಸರ್ಕಾರಿ ಶಾಲೆಗಳೂ ಈ ಜಿಲ್ಲೆಯಲ್ಲಿವೆ. ಆದರೆ ಕೈತೋಟವನ್ನು ಮೇಷ್ಟ್ರ ಹುಮ್ಮಸ್ಸಿನ ಮೇಲೆ ಬಿಟ್ಟರೆ, ಅವರಿಗೆ ವರ್ಗವಾದ ವರ್ಷ ತೋಟವೂ ಒಣಗುತ್ತದೆ.

ನಾವು ಕೇಳಬೇಕಾದುದು, ಮಾಡಬೇಕಾದುದು

ಕೊನೆಯದಾಗಿ, ಈ ಸಭೆಯ ಮುಂದೆ ನಾನು ಐದು ವಿಷಯಗಳನ್ನಿಡುತ್ತೇನೆ.

ಮೊದಲನೆಯದು, ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳಿರುವ ಬೆಟ್ಟದ ಶಾಲೆಗಳಿಗೆ ತಲೆಲೆಕ್ಕದ ಹಣದ ಜೊತೆಗೆ ಶಾಲೆಗೊಂದು ನಿಶ್ಚಿತ ಮೊತ್ತ ಸಿಗಬೇಕು. ಮಕ್ಕಳು ಕಡಿಮೆಯೆಂಬುದನ್ನು ಶಾಲೆ ಮುಚ್ಚಲು ನೆಪವಾಗಿಸಬಾರದು.

ಎರಡನೆಯದು, ಶಾಲೆಯ ತರಕಾರಿಯನ್ನು ಆ ಊರಿನ ಸ್ವಸಹಾಯ ಸಂಘದ ಹೆಂಗಸರಿಂದ, ಸಣ್ಣ ಹಿಡುವಳಿದಾರರಿಂದ ಬೆಲೆ ಕೊಟ್ಟೇ ಕೊಳ್ಳಬೇಕು. ಬಸಳೆಗೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿರಲಿ.

ಮೂರನೆಯದು, ಕರಾವಳಿಯ ಶಾಲೆಗಳ ಅನ್ನಕ್ಕೆ ಕರಾವಳಿಯಲ್ಲಿ ಬೆಳೆದ ಕುಚ್ಚಲಕ್ಕಿಯನ್ನು ಬಿತ್ತನೆಗೆ ಮೊದಲೇ ಬೆಲೆ ಗೊತ್ತುಮಾಡಿ ಖರೀದಿಸಬೇಕು.

ನಾಲ್ಕನೆಯದು, ಅಡುಗೆಯವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ಕೂಲಿ ಕೊಡಬೇಕು. ಅವರು ಮಾಡುತ್ತಿರುವುದು ದುಡಿಮೆ. ದುಡಿಮೆಗೆ ಕೊಡಬೇಕಾದುದು ಕೂಲಿ, ಗೌರವಧನವಲ್ಲ.

ಐದನೆಯದು, ಪದವಿಪೂರ್ವ ಕಾಲೇಜಿನ ಮಕ್ಕಳಿಗೂ ಊಟ ವಿಸ್ತರಿಸಬೇಕು.

ಇವೆಲ್ಲ ಸರ್ಕಾರದಿಂದ ಕೇಳಬೇಕಾದವು. ನಾವೇ ಮಾಡಬಹುದಾದುದೂ ಇದೆ. ಶಾಲಾಭಿವೃದ್ಧಿ ಸಮಿತಿಯ ಸಭೆ ಎಂದರೆ ಸಹಿ ಹಾಕಿ ಚಹಾ ಕುಡಿದು ಬರುವುದೆಂದು ತಿಳಿಯದೆ, ಈ ತಿಂಗಳು ಮಕ್ಕಳಿಗೆ ಎಷ್ಟು ದಿನ ಸೊಪ್ಪು ಬಿತ್ತು ಎಂದು ಕೇಳಿ. ವಿದ್ಯಾರ್ಥಿ ಮಿತ್ರರು ತಮ್ಮೂರಿನ ಶಾಲೆಯಲ್ಲಿ ಒಂದು ವಾರ ಕುಳಿತು, ಯಾವ ದಿನ ಏನು ಬಡಿಸಿದರು, ಅದು ಎಲ್ಲಿಂದ ಬಂತು ಎಂದು ಬರೆದು ನಮ್ಮ ಪತ್ರಿಕೆಗೆ ಕಳುಹಿಸಲಿ. ಬರುವ ಬೇಸಿಗೆಯಲ್ಲಿ ನಿಮ್ಮ ಗದ್ದೆಯ ಮೂಲೆಯಲ್ಲಿ ನಾಲ್ಕು ಸಾಲು ಸೌತೆ ಹೆಚ್ಚಾಗಿ ಹಾಕಿ. ಮಳೆ ಹಿಡಿದು ಶಾಲೆ ತೆರೆಯುವ ಹೊತ್ತಿಗೆ ಅವು ಶಾಲೆಯ ಅಟ್ಟದಲ್ಲಿ ತೂಗಲಿ. ಅದಕ್ಕೆ ಬೆಲೆಯನ್ನೂ ಕೇಳಿ ಪಡೆಯಿರಿ.